ಮೊಣಕಾಲಿನ ಗುಟ್ಟು ಕೇಳುವ ಅಯಸ್ಕಾಂತ

ಗದಗ ಸೀಮೆಯ ಎರೆ ಹೊಲಗಳಲ್ಲಿ ಉಳ್ಳಾಗಡ್ಡಿ ಕೀಳುವ ಹಂಗಾಮು ನೋಡಿದ್ದೀರಾ? ಹಿರೇಹಂದಿಗೋಳವೇ ಇರಲಿ, ಸುತ್ತಲಿನ ಇನ್ನಾವ ಹಳ್ಳಿಯೇ ಇರಲಿ, ನೋಟ ಒಂದೇ. ಹೆಣ್ಣುಮಕ್ಕಳು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತಿರುತ್ತಾರೆ. ಕೂತಂತೆಯೇ ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತಾರೆ. ಹೆಸರಿನ ಹೊಲದಲ್ಲಿ ಕಸ ತೆಗೆಯುವಾಗಲೂ ಅಷ್ಟೆ, ಶೇಂಗಾ ಆಯುವಾಗಲೂ ಅಷ್ಟೆ. ಮನೆಗೆ ಬಂದರೆ ಒಲೆಯ ಮುಂದೆ ರೊಟ್ಟಿ ಬಡಿಯಲು ಮತ್ತೆ ಅದೇ ಕಾಲು ಮಡಿಚಬೇಕು. ವಯಸ್ಸು ಐವತ್ತು ದಾಟುವಷ್ಟರಲ್ಲಿ ಇವರಲ್ಲಿ ಅನೇಕರ ಮಾತು ಒಂದೇ ಆಗುತ್ತದೆ: ‘ಕೂತ್ರ ಏಳಾಕ ಆಗವಲ್ದು, ಎದ್ರ ಕೂಡ್ರಾಕ ಆಗವಲ್ದು.’

ಡಾಕ್ಟರು ಎಕ್ಸ್‌ರೇ ತೆಗೆಸುತ್ತಾರೆ. ಫಿಲ್ಮನ್ನು ಬೆಳಕಿಗೆ ಹಿಡಿದು ‘ಮೊಣಕಾಲು ಸವೆದಿದೆ ಅವ್ವಾ’ ಎನ್ನುತ್ತಾರೆ. ಆಸ್ಟಿಯೋ ಆರ್ಥ್ರೈಟಿಸ್ ಎಂಬ ದೊಡ್ಡ ಹೆಸರನ್ನು ಚೀಟಿಯಲ್ಲಿ ಬರೆಯುತ್ತಾರೆ. ಅಲ್ಲಿಗೆ ವಿಷಯ ತಿಳಿದಂತಾಯಿತು. ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು. ಈ ಸವೆತ ಶುರುವಾದದ್ದು ಯಾವಾಗ? ನಿನ್ನೆ ಮೊನ್ನೆಯಂತೂ ಅಲ್ಲ. ಹತ್ತು ವರ್ಷದ ಹಿಂದೆ? ಇಪ್ಪತ್ತು ವರ್ಷದ ಹಿಂದೆ? ಆಗಲೇ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತೆ?

ಕಳೆದ ಮೂವತ್ತು ವರ್ಷಗಳಿಂದ ಎಂಆರ್‌ಐ ಯಂತ್ರದ ತಜ್ಞರು ಬೆನ್ನು ಹತ್ತಿರುವುದು ಇದೇ ಪ್ರಶ್ನೆಯನ್ನು. ಅವರು ಕಂಡುಕೊಂಡ ಉತ್ತರ ಸ್ವಾರಸ್ಯದ್ದು, ಸ್ವಲ್ಪ ಎಚ್ಚರಿಕೆಯಿಂದ ಕೇಳಿಸಿಕೊಳ್ಳಬೇಕಾದದ್ದೂ ಹೌದು.

ಮೊದಲು ಎಕ್ಸ್‌ರೇ ಯಾಕೆ ಸಾಲದು ಎಂಬುದನ್ನು ನೋಡೋಣ. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಈ ಕಿರಣಗಳಿಗೆ ಸುಣ್ಣ ತುಂಬಿದ ಎಲುಬು ಚೆನ್ನಾಗಿ ಕಾಣುತ್ತದೆ. ಆದರೆ ಮೊಣಕಾಲಿನಲ್ಲಿ ಸವೆಯುವುದು ಮೊದಲಿಗೆ ಎಲುಬಲ್ಲ. ಎಲುಬಿನ ತುದಿಗೆ ಹೊದಿಸಿರುವ ಮೃದ್ವಸ್ಥಿ. ನಯವಾದ, ಹಾಲುಬಿಳುಪಿನ, ಜಾರುವ ಪದರ ಅದು. ದಪ್ಪ ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರ್. ಎಕ್ಸ್‌ರೇಯ ಕಣ್ಣಿಗೆ ಅದು ಹೆಚ್ಚುಕಡಿಮೆ ಪಾರದರ್ಶಕ. ಮೇಲಿನ ಎಲುಬಿಗೂ ಕೆಳಗಿನ ಎಲುಬಿಗೂ ನಡುವೆ ಫಿಲ್ಮಿನಲ್ಲಿ ಕಾಣುವ ಕಪ್ಪು ಸಂದು ಇದೆಯಲ್ಲ, ಅದು ಖಾಲಿ ಜಾಗವಲ್ಲ. ಅಲ್ಲಿ ಕೂತಿರುವುದೇ ಮೃದ್ವಸ್ಥಿ. ಆ ಸಂದು ಕಿರಿದಾದರೆ ಮೃದ್ವಸ್ಥಿ ಸವೆದಿರಬೇಕು ಎಂದು ವೈದ್ಯರು ಊಹಿಸುತ್ತಾರೆ. ಮನೆಯ ಬಾಗಿಲ ಸಂದು ನೋಡಿ ಹೊಸ್ತಿಲು ಎಷ್ಟು ಸವೆದಿದೆ ಎಂದು ಲೆಕ್ಕ ಹಾಕಿದ ಹಾಗೆ. 1957ರಲ್ಲಿ ಕೆಲ್ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ವೈದ್ಯರು ಈ ಊಹೆಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟರು. ಇಂದಿಗೂ ಜಗತ್ತಿನಾದ್ಯಂತ ಮೊಣಕಾಲಿಗೆ ಸಿಗುವುದು ಅದೇ ಅಂಕ. ಇಲ್ಲಿ ಹೆಚ್ಚು ಅಂಕ ಬಂದರೆ ಖುಷಿಪಡುವಂತಿಲ್ಲ, ಅಷ್ಟೆ.

ಇನ್ನು ನೋವು. ನೋವಾದರೂ ಮೊದಲೇ ಹೇಳಬಾರದಿತ್ತೆ? ಹೇಳುವುದಿಲ್ಲ. ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ. ರಕ್ತನಾಳವೂ ಇಲ್ಲ. ಅದು ಸದ್ದಿಲ್ಲದೆ ಸವೆಯುತ್ತದೆ. ಸುತ್ತಲಿನ ಪೊರೆ, ಕೆಳಗಿನ ಎಲುಬು ಕಿರುಚಿಕೊಂಡಾಗಲಷ್ಟೇ ನಮಗೆ ಸುದ್ದಿ ಮುಟ್ಟುತ್ತದೆ. ಆ ಹೊತ್ತಿಗೆ ತಡವಾಗಿರುತ್ತದೆ.

ಈ ಮೃದ್ವಸ್ಥಿಯ ಕಟ್ಟಡ ಹೇಗಿದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ತಿಳಿದುಕೊಳ್ಳಲೇಬೇಕು. ನೂರು ಪಾಲಿನಲ್ಲಿ 65ರಿಂದ 80 ಪಾಲು ಬರೀ ನೀರು! ಆ ನೀರು ಸೋರಿಹೋಗದಂತೆ ಹಿಡಿದಿಡಲು ಎರಡು ವ್ಯವಸ್ಥೆಗಳಿವೆ. ಒಂದು, ಕೊಲಾಜೆನ್ ಎಂಬ ನಾರಿನ ಬಲೆ. ಇನ್ನೊಂದು, ಆ ಬಲೆಯೊಳಗೆ ತುಂಬಿರುವ ಪ್ರೋಟಿಯೋಗ್ಲೈಕನ್. ಬಾಟಲಿ ತೊಳೆಯುವ ಬ್ರಷ್ಷಿನಂಥ ಆಕಾರದ ಅಣುಗಳು ಇವು; ಬ್ರಷ್ಷಿನ ಎಳೆಗಳೆಲ್ಲ ಸಕ್ಕರೆಯ ಸರಪಳಿಗಳು. ಆ ಎಳೆಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಹಾಗಾಗಿ ಅವು ಧನ ಅಂಶದ ಸೋಡಿಯಂ ಅಯಾನುಗಳನ್ನು ಎಳೆದುಕೊಳ್ಳುತ್ತವೆ. ಸೋಡಿಯಂ ಬಂದ ಕಡೆ ನೀರೂ ಬರುತ್ತದೆ. ಬೇಸಿಗೆಯಲ್ಲಿ ಉಪ್ಪಿನ ಡಬ್ಬಿಗೆ ಏನೂ ಆಗದು, ಮಳೆಗಾಲದಲ್ಲಿ ನೀರೊಡೆಯುತ್ತದೆ ನೋಡಿ, ಉಪ್ಪಿಗೂ ನೀರಿಗೂ ಅಂಥ ನಂಟು. ನೀರು ಉಬ್ಬಿಸಲು ನೋಡುತ್ತದೆ, ನಾರಿನ ಬಲೆ ಬಿಗಿದು ಹಿಡಿಯುತ್ತದೆ. ಈ ಎಳೆದಾಟದಿಂದಲೇ ಮೃದ್ವಸ್ಥಿಗೆ ಗಾಳಿ ತುಂಬಿದ ಟೈರಿನಂಥ ಗಟ್ಟಿತನ.

ರೋಗ ಶುರುವಾದಾಗ ಮೊದಲು ಏನಾಗುತ್ತದೆ? ಪದರದ ದಪ್ಪ ಕಡಿಮೆಯಾಗುವುದಿಲ್ಲ. ಸಕ್ಕರೆಯ ಎಳೆಗಳು ಉದುರತೊಡಗುತ್ತವೆ, ನಾರಿನ ಬಲೆ ಅಲ್ಲಲ್ಲಿ ಸಡಿಲವಾಗುತ್ತದೆ, ಕಟ್ಟಿಹಾಕಿದ್ದ ನೀರು ಅಡ್ಡಾದಿಡ್ಡಿ ಓಡಾಡತೊಡಗುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ನೆಟ್ಟಗೇ ಇದೆ. ಒಳಗೆ ಗೆದ್ದಲು ಹತ್ತಿದೆ. ಈ ಹಂತದಲ್ಲಿ ಹಿಡಿಯಬೇಕಾದದ್ದು ಆಕಾರದ ಬದಲಾವಣೆಯನ್ನಲ್ಲ, ರಸಾಯನದ ಬದಲಾವಣೆಯನ್ನು. ಅಂದರೆ ನೀರಿನ ನಡವಳಿಕೆಯನ್ನು. ನೀರಿನ ನಡವಳಿಕೆ ಕೇಳಬೇಕಾದರೆ ಎಂಆರ್‌ಐಗಿಂತ ಒಳ್ಳೆಯ ಕಿವಿ ಇನ್ನೊಂದಿಲ್ಲ.

ಎಂಆರ್‌ಐ ಕೆಲಸ ಮಾಡುವ ಬಗೆಯನ್ನು ನಾಗರಪಂಚಮಿಯ ಜೋಕಾಲಿಯಿಂದ ಶುರುಮಾಡೋಣ. ಜೋಕಾಲಿಗೆ ತನ್ನದೇ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ಮೆಲ್ಲಗೆ ನೂಕಿದರೂ ಅದು ಮುಗಿಲು ಮುಟ್ಟುತ್ತದೆ. ಲಯ ತಪ್ಪಿ ಎಷ್ಟು ಜೋರಾಗಿ ನೂಕಿದರೂ ಕೈ ನೋಯುತ್ತದೆಯೇ ಹೊರತು ಜೋಕಾಲಿ ಏರದು. ಇದೇ ಅನುರಣನ. ನೀರಿನಲ್ಲಿರುವ ಹೈಡ್ರೋಜನ್ ಪರಮಾಣುವಿನ ಬೀಜ, ಅಂದರೆ ಪ್ರೋಟಾನ್, ಒಂದು ಪುಟ್ಟ ಅಯಸ್ಕಾಂತ. ದೊಡ್ಡ ಅಯಸ್ಕಾಂತದೊಳಗೆ ಇಟ್ಟರೆ ಅದು ತೂಗಾಡುವ ಬುಗುರಿಯಂತೆ ಸುತ್ತುತ್ತದೆ. ಒಂದು ಟೆಸ್ಲಾ ಬಲಕ್ಕೆ ಸೆಕೆಂಡಿಗೆ 4 ಕೋಟಿ 26 ಲಕ್ಷ ಸುತ್ತು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದಲ್ಲಿ ಇದು ಸುಮಾರು 64 ಮೆಗಾಹರ್ಟ್ಸ್. 3 ಟೆಸ್ಲಾದಲ್ಲಿ 128. ನಿಮ್ಮ ಎಫ್‌ಎಂ ರೇಡಿಯೋ ಹಾಡುವುದು 88ರಿಂದ 108ರ ನಡುವೆ. ಅಂದರೆ ಯಂತ್ರ ರೋಗಿಯತ್ತ ಕಳಿಸುವುದು ರೇಡಿಯೋ ಅಲೆಯೇ ಹೊರತು ಎಕ್ಸ್‌ರೇಯಂಥ ವಿಕಿರಣವಲ್ಲ. ಸರಿಯಾದ ಲಯದಲ್ಲಿ ಅಲೆ ಬಂದರೆ ಪ್ರೋಟಾನುಗಳು ಜೋಕಾಲಿಯಂತೆ ಏರುತ್ತವೆ. ಅಲೆ ನಿಂತ ಮೇಲೆ ಅವೇ ಮರುದನಿ ಕೊಡುತ್ತವೆ. ಯಂತ್ರ ಕೇಳುವುದು ಆ ಮರುದನಿಯನ್ನು.

1.5 ಟೆಸ್ಲಾ ಎಂದರೆ ಭೂಮಿಯ ಕಾಂತಬಲದ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಇಷ್ಟೆಲ್ಲ ಬಲ ಹಾಕಿದರೂ ಹತ್ತು ಲಕ್ಷ ಪ್ರೋಟಾನುಗಳಲ್ಲಿ ಐದರಷ್ಟು ಮಾತ್ರ ಹೆಚ್ಚುವರಿಯಾಗಿ ಒಂದೇ ಕಡೆ ಮುಖ ಮಾಡುತ್ತವೆ. ಆ ಐದರ ದನಿಯನ್ನೇ ನಂಬಿ ಇಡೀ ಚಿತ್ರ ಕಟ್ಟಬೇಕು. ಪುಣ್ಯಕ್ಕೆ ನಮ್ಮ ಮೈಯಲ್ಲಿ ನೀರಿಗೇನೂ ಬರವಿಲ್ಲ.

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಜಾಗ ಉಂಟು. ಪ್ರೋಟಾನಿನ ಈ ಅನುರಣನವನ್ನು ದ್ರವ, ಘನ ವಸ್ತುಗಳಲ್ಲಿ ಮೊದಲು ಕಂಡವರು ಬ್ಲಾಕ್ ಮತ್ತು ಪರ್ಸೆಲ್. 1946ರಲ್ಲಿ ಪ್ರಕಟಿಸಿ, 1952ರಲ್ಲಿ ನೊಬೆಲ್ ಪಡೆದರು. ಈ ಎರಡು ವರ್ಷಗಳ ನಡುವೆ, 1951ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಎಂಬ ಭೌತವಿಜ್ಞಾನಿ ಒಂದು ಸರಳ ಪ್ರಶ್ನೆ ಕೇಳಿದರು: ನಿಂತ ನೀರಿನ ಬದಲು ಹರಿಯುವ ನೀರನ್ನು ಇಟ್ಟರೆ ಏನಾಗುತ್ತದೆ? ಕೊಳವೆಯಲ್ಲಿ ನೀರು ಹರಿಸಿ ನೋಡಿದರು. ದಣಿದ ಪ್ರೋಟಾನುಗಳು ಮುಂದೆ ಸಾಗಿ ಹೊಸವು ಬರುವುದರಿಂದ ಸಂಕೇತ ಬದಲಾಗುತ್ತದೆ ಎಂದು ಕಂಡರು. ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಐದು ಪುಟದ ಲೇಖನ ಬರೆದರು. ಇಂದು ರಕ್ತ ಹರಿಯುವುದನ್ನು ಎಂಆರ್‌ಐಯಲ್ಲಿ ನೋಡುವವರು ತಮ್ಮ ವಿದ್ಯೆಯ ಮೂಲ ಹುಡುಕುತ್ತ ಹೋದರೆ ಸಿಗುವ ಮೊದಲ ಹೆಸರುಗಳಲ್ಲಿ ಸೂರ್ಯನ್ ಒಬ್ಬರು. ನಮ್ಮ ಎಷ್ಟು ಪಠ್ಯಪುಸ್ತಕಗಳು ಅವರ ಹೆಸರು ಹೇಳುತ್ತವೆ? ಹೋಗಲಿ ಬಿಡಿ.

ಮರುದನಿಯಿಂದ ಚಿತ್ರ ಬಿಡಿಸುವ ಉಪಾಯವನ್ನು 1973ರಲ್ಲಿ ಕೊಟ್ಟವರು ಅಮೆರಿಕದ ಪಾಲ್ ಲಾಟರ್‌ಬರ್. ಅದನ್ನು ಬೆಳೆಸಿದವರು ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್. ಇಬ್ಬರಿಗೂ 2003ರಲ್ಲಿ ನೊಬೆಲ್ ಬಂತು. 1977ರಲ್ಲಿ ಮನುಷ್ಯನ ಎದೆಯನ್ನು ಮೊದಲು ಸ್ಕ್ಯಾನ್ ಮಾಡಿದ ರೇಮಂಡ್ ಡಮಾಡಿಯನ್‌ಗೆ ಬರಲಿಲ್ಲ. ಅವರು ಸಿಟ್ಟಾಗಿ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟ ಕತೆ ಬೇರೆಯೇ ಇದೆ. ಇದರ ಹಳೆಯ ಹೆಸರಿನಲ್ಲಿ ‘ನ್ಯೂಕ್ಲಿಯರ್’ ಎಂಬ ಮಾತಿತ್ತು. ಜನ ಅಣುಬಾಂಬ್ ನೆನೆದು ಹೆದರಿಯಾರೆಂದು ಅದನ್ನು ಕೈಬಿಟ್ಟರು.

ಈಗ ಮೊಣಕಾಲಿಗೆ ಮರಳೋಣ. ಸಾಮಾನ್ಯ ಎಂಆರ್‌ಐ ಮೃದ್ವಸ್ಥಿಯನ್ನು ನೇರವಾಗಿ ತೋರಿಸುತ್ತದೆ. ಎಲ್ಲಿ ತೆಳುವಾಗಿದೆ, ಎಲ್ಲಿ ಹರಿದಿದೆ ಎಂಬುದು ಅರ್ಧ ಮಿಲಿಮೀಟರಿನ ಮಟ್ಟಿಗೆ ಕಾಣುತ್ತದೆ. ಆದರೆ ಹರಿಯುವ ಮುಂಚಿನ ಸ್ಥಿತಿಯನ್ನು ಅರಿಯಲು ಚಿತ್ರ ಸಾಲದು, ಅಳತೆ ಬೇಕು. ಅಂಥ ಅಳತೆಗಳಲ್ಲಿ ಬಹಳ ಬಳಕೆಯಾದದ್ದು ‘ಟಿ-2 ನಕ್ಷೆ’.

ಹೆಜ್ಜೆ ಮೇಳವನ್ನು ಕಣ್ಣಮುಂದೆ ತಂದುಕೊಳ್ಳಿ. ತಾಳ ಇರುವವರೆಗೆ ಎಲ್ಲರ ಹೆಜ್ಜೆ ಒಂದೇ. ತಾಳ ಥಟ್ಟನೆ ನಿಂತಿತು ಎನ್ನಿ. ಸ್ವಲ್ಪ ಹೊತ್ತು ಹೆಜ್ಜೆ ಕೂಡಿಯೇ ಬೀಳುತ್ತದೆ, ಆಮೇಲೆ ಒಬ್ಬೊಬ್ಬರದು ಒಂದೊಂದು ದಾರಿ. ಮೇಳ ಕೆಡಲು ಎಷ್ಟು ಹೊತ್ತು ಹಿಡಿಯುತ್ತದೆ? ಕಿರಿದಾದ ಓಣಿಯಲ್ಲಿ ಮೈಗೆ ಮೈ ತಾಗುವಂತೆ ಕುಣಿಯುತ್ತಿದ್ದರೆ ಬೇಗ ಕೆಡುತ್ತದೆ. ಬಯಲಲ್ಲಿ ಕುಣಿಯುತ್ತಿದ್ದರೆ ತಡವಾಗಿ. ಪ್ರೋಟಾನುಗಳ ಮೇಳ ಕೆಡಲು ಹಿಡಿಯುವ ಈ ಸಮಯವೇ ಟಿ-2. ಆರೋಗ್ಯವಂತ ಮೃದ್ವಸ್ಥಿಯಲ್ಲಿ ನೀರು ನಾರಿನ ಬಲೆಯ ಇಕ್ಕಟ್ಟಿನಲ್ಲಿದೆ. ಹಾಗಾಗಿ ಟಿ-2 ಕಡಿಮೆ, ಸುಮಾರು 30ರಿಂದ 40 ಮಿಲಿಸೆಕೆಂಡು. ಬಲೆ ಸಡಿಲವಾಗಿ ನೀರು ಬಯಲಿಗೆ ಬಿದ್ದರೆ ಟಿ-2 ಏರುತ್ತದೆ. ಮೃದ್ವಸ್ಥಿಯ ಚುಕ್ಕೆ ಚುಕ್ಕೆಯಲ್ಲೂ ಈ ಸಮಯ ಅಳೆದು, ಅಳತೆಗೊಂದು ಬಣ್ಣ ಕೊಟ್ಟು ನಕ್ಷೆ ಬರೆಯುತ್ತಾರೆ. ಪದರದ ದಪ್ಪ ಇನ್ನೂ ಇದ್ದಂತೆಯೇ ಇರುವಾಗ ನಕ್ಷೆಯಲ್ಲಿ ಬಣ್ಣ ಬದಲಾಗಿರುತ್ತದೆ.

ಬಲೆಯ ಸುದ್ದಿ ಇದಾಯಿತು. ಸಕ್ಕರೆಯ ಎಳೆಗಳ ಸುದ್ದಿ ತಿಳಿಯಲು ಬೇರೆ ಉಪಾಯಗಳಿವೆ. 1990ರ ದಶಕದಲ್ಲಿ ಬಾಸ್ಟನ್ನಿನ ಮಾರ್ತಾ ಗ್ರೇ, ಡೆಬೊರಾ ಬರ್ಸ್ಟೀನ್ ಮತ್ತು ಅವರ ಸಂಗಡಿಗರು ಕಂಡುಕೊಂಡ ಉಪಾಯ ಬಲು ಜಾಣತನದ್ದು. ಗ್ಯಾಡೋಲಿನಿಯಂ ಎಂಬ ಲೋಹದ ಋಣ ಅಂಶವುಳ್ಳ ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ರೋಗಿ ಹತ್ತು ನಿಮಿಷ ನಡೆದಾಡಬೇಕು. ಒಂದೂವರೆ ಗಂಟೆ ಕಾದು ಸ್ಕ್ಯಾನ್ ಮಾಡುತ್ತಾರೆ. ಸಕ್ಕರೆಯ ಎಳೆಗಳೂ ಋಣ, ಔಷಧವೂ ಋಣ. ಎಳೆಗಳು ದಟ್ಟವಾಗಿರುವ ಕಡೆ ಔಷಧಕ್ಕೆ ಪ್ರವೇಶವಿಲ್ಲ. ಉದುರಿದ ಕಡೆ ಅದು ನುಗ್ಗಿ ಕೂರುತ್ತದೆ, ಸಿಕ್ಕಿಬೀಳುತ್ತದೆ. ಮೂತ್ರಪಿಂಡ ದುರ್ಬಲವಾಗಿರುವ ಕೆಲವರಿಗೆ ಇಂಥ ಔಷಧದಿಂದ ಚರ್ಮ ಗಟ್ಟಿಯಾಗುವ ಗಂಭೀರ ತೊಂದರೆ ಬರುತ್ತದೆಂದು 2006ರಲ್ಲಿ ತಿಳಿದ ಮೇಲೆ ಈ ವಿಧಾನದ ಉತ್ಸಾಹ ತಗ್ಗಿತು.

ಚುಚ್ಚುಮದ್ದೇ ಬೇಡ ಎನ್ನುವವರು ‘ಟಿ-ಒನ್-ರೋ’ ಎಂಬ ಅಳತೆ ಹಿಡಿದರು. ತಾಳ ಪೂರ್ತಿ ನಿಲ್ಲಿಸುವ ಬದಲು ಸಣ್ಣಗೆ ಬಾರಿಸುತ್ತಲೇ ಇದ್ದು ಮೇಳ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುವ ಬಗೆ ಇದು. ಇದರಲ್ಲಿ ಭಾರತೀಯ ಮೂಲದ ಇಬ್ಬರ ದುಡಿಮೆ ದೊಡ್ಡದು: ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರವೀಂದರ್ ರೆಡ್ಡಿ ಮತ್ತು ಸ್ಯಾನ್‌ಫ್ರಾನ್ಸಿಸ್ಕೋದ ಶರ್ಮಿಳಾ ಮಜುಮ್ದಾರ್. ರೆಡ್ಡಿಯವರ ತಂಡ ಇನ್ನೂ ಮುಂದೆ ಹೋಗಿ ನೀರನ್ನು ಬಿಟ್ಟು ಸೋಡಿಯಂನ ದನಿಯನ್ನೇ ಕೇಳಹೊರಟಿತು. ಸಕ್ಕರೆಯ ಎಳೆ ಇರುವಲ್ಲಿ ಸೋಡಿಯಂ. ಎಳೆ ಉದುರಿದರೆ ಸೋಡಿಯಂ ಕೂಡ ಕಡಿಮೆ. ಮೃದ್ವಸ್ಥಿಯಲ್ಲಿ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ದುಪ್ಪಟ್ಟಿದ್ದರೂ ನೀರಿನ ಎದುರು ಅದರ ದನಿ ಪಿಸುಮಾತು. ಅದಕ್ಕೆ ಬೇರೆ ತರಂಗಾಂತರದ ಬೇರೆ ಉಪಕರಣ ಬೇಕು, 7 ಟೆಸ್ಲಾದಂಥ ಭಾರಿ ಅಯಸ್ಕಾಂತವಿದ್ದರೆ ಒಳಿತು. ಊರೂರಿಗೆ ಬರುವ ಯಂತ್ರ ಅದಲ್ಲ.

ಈ ಅಳತೆಗಳನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ನಡೆದು ಬಂದವರನ್ನು ತಕ್ಷಣ ಮಲಗಿಸಿ ಅಳೆದರೆ ಒಂದು ಅಂಕಿ, ಅರ್ಧ ಗಂಟೆ ವಿಶ್ರಾಂತಿ ಕೊಟ್ಟು ಅಳೆದರೆ ಇನ್ನೊಂದು. ಭಾರ ಬಿದ್ದಾಗ ನೀರು ಹಿಂಡಿ ಹೊರಬರುವುದೇ ಕಾರಣ. ಇನ್ನೊಂದು ವಿಚಿತ್ರವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಮೆಚ್ಚಿಯಾರು. ನಾರಿನ ಎಳೆಗಳು ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಕೋನದಲ್ಲಿದ್ದರೆ ಆರೋಗ್ಯವಂತ ಮೃದ್ವಸ್ಥಿಯಲ್ಲೂ ಟಿ-2 ಸುಳ್ಳುಸುಳ್ಳೇ ಏರುತ್ತದೆ. ಮೊಣಕಾಲು ದುಂಡಗಿರುವುದರಿಂದ ಎಲ್ಲೋ ಒಂದು ಕಡೆ ಆ ಕೋನ ಬಂದೇ ಬರುತ್ತದೆ! ತಜ್ಞರು ಇದನ್ನು ‘ಮಾಯಾಕೋನ’ ಎನ್ನುತ್ತಾರೆ. ತಿಳಿಯದವರು ರೋಗ ಎಂದುಬಿಡಬಹುದು.

ಹಾಗಾದರೆ ಇದರಿಂದ ರೋಗವನ್ನು ಮುಂಚಿತವಾಗಿ ಹೇಳಲು ಸಾಧ್ಯವಾಗಿದೆಯೇ? ಅಮೆರಿಕದಲ್ಲಿ 2004ರಿಂದ 4796 ಜನರ ಮೊಣಕಾಲನ್ನು ಹಲವು ವರ್ಷ 3 ಟೆಸ್ಲಾ ಯಂತ್ರದಲ್ಲಿ ಮತ್ತೆ ಮತ್ತೆ ಅಳೆದು ದಾಖಲೆ ಇಟ್ಟರು. ಎಲ್ಲರೂ 45ರಿಂದ 79ರ ವಯಸ್ಸಿನವರು. ಆ ದಾಖಲೆಯಿಂದ ಆಯ್ದ ಟಿ-2 ನಕ್ಷೆಗಳನ್ನು ಶಿಂಜಿನಿ ಕುಂದು ಮತ್ತು ಸಂಗಡಿಗರು ಕಂಪ್ಯೂಟರಿಗೆ ಕೊಟ್ಟು ಕಲಿಸಿದರು. ಆಗಿನ್ನೂ ಯಾವ ನೋವೂ ಇಲ್ಲದವರ ನಕ್ಷೆಗಳು ಅವು. ಯಾರಿಗೆ ಮೂರು ವರ್ಷದಲ್ಲಿ ರೋಗ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಕಂಪ್ಯೂಟರು ನೂರಕ್ಕೆ 78ರಷ್ಟು ಸರಿಯಾಗಿ ಹೇಳಿತು. 2020ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಕಣ್ಣಿಗೆ ಎರಡೂ ಬಗೆಯ ನಕ್ಷೆಗಳು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿದ್ದವು ಎಂಬುದು ಇಲ್ಲಿ ಮುಖ್ಯ. 78 ಎಂಬುದು ಒಳ್ಳೆಯ ಅಂಕವೇ. ಆದರೆ ಅಳೆದದ್ದು ಅಮೆರಿಕದ ಮೊಣಕಾಲುಗಳನ್ನು. ಅವರಲ್ಲಿ ಕುಕ್ಕರಗಾಲಿನಲ್ಲಿ ಕೂತು ದಿನಗಟ್ಟಲೆ ಉಳ್ಳಾಗಡ್ಡಿ ಕಿತ್ತವರು ಬಹುಶಃ ಒಬ್ಬರೂ ಇರಲಿಕ್ಕಿಲ್ಲ.

ಕೂರುವ ಭಂಗಿಗೂ ಸವೆತಕ್ಕೂ ನಂಟಿದೆ ಎಂಬುದು ಬರೀ ನಮ್ಮ ಊಹೆಯಲ್ಲ. ಬೀಜಿಂಗ್ ನಗರದ ವೃದ್ಧರನ್ನು ಪರೀಕ್ಷಿಸಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಯೌವನದಲ್ಲಿ ದಿನಕ್ಕೆ ಮೂರು ಗಂಟೆಗೂ ಹೆಚ್ಚು ಕುಕ್ಕರಗಾಲಿನಲ್ಲಿ ಕೂರುತ್ತಿದ್ದವರಲ್ಲಿ ಮೊಣಕಾಲಿನ ಸವೆತ ಎದ್ದುಕಾಣುವಷ್ಟು ಹೆಚ್ಚಿತ್ತು. ನಮ್ಮ ದೇಶದಲ್ಲೂ ಬೆಂಗಳೂರು, ಪುಣೆ, ಆಗ್ರಾ, ಕೋಲ್ಕತಾ, ಡೆಹ್ರಾಡೂನ್ ಮತ್ತು ಅವುಗಳ ಸುತ್ತಿನ ಊರು, ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯೊಂದು 2016ರಲ್ಲಿ ಬಂತು. ಅದರ ಪ್ರಕಾರ ಪರೀಕ್ಷಿಸಿದ ನೂರರಲ್ಲಿ ಸುಮಾರು 29 ಜನರಿಗೆ ಮೊಣಕಾಲಿನ ಸವೆತವಿತ್ತು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಹಿರೇಹಂದಿಗೋಳ ಎಂದೊಡನೆ ಕೆಲವರು ಹಂದಿಗೋಡು ಕಾಯಿಲೆ ಎಂದುಕೊಳ್ಳಬಹುದು. ಎರಡಕ್ಕೂ ಸಂಬಂಧವಿಲ್ಲ. ಹಂದಿಗೋಡು ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ. 1970ರ ದಶಕದ ನಡುವಿನಲ್ಲಿ ಅಲ್ಲಿನ ಬಡ ಕೂಲಿಕಾರ ಕುಟುಂಬಗಳಲ್ಲಿ ಎಳೆಯರೂ ಸೊಂಟ, ಮೊಣಕಾಲು ಹಿಡಿದು ನೆಲಕ್ಕೆ ಬಿದ್ದಾಗ ಗದ್ದೆಯ ಏಡಿ, ಕೀಟನಾಶಕ ಎಂದೆಲ್ಲ ಅನುಮಾನ ಹುಟ್ಟಿತ್ತು. ಆಮೇಲೆ ಅದು ವಂಶಪಾರಂಪರ್ಯವಾಗಿ ಬರುವ ಎಲುಬಿನ ಬೆಳವಣಿಗೆಯ ದೋಷ ಎಂದು ತಿಳಿಯಿತು. ಆಗ ಸಂಶೋಧಕರ ಕೈಯಲ್ಲಿದ್ದುದು ಎಕ್ಸ್‌ರೇ. ಎಲುಬು ಕೆಟ್ಟ ಮೇಲೆ ಅದು ತೋರಿಸಿತು.

ಈಗ ತಂದೆ ತಾಯಂದಿರು ಕೇಳುವ ಪ್ರಶ್ನೆಗೆ ಬರೋಣ. ನಮ್ಮ ಅವ್ವನಿಗೆ, ಅತ್ತೆಗೆ ಮೊಣಕಾಲು ನೋವು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಸಾವಿರಾರು ರೂಪಾಯಿ ಕೊಟ್ಟು ಎಂಆರ್‌ಐ ಮಾಡಿಸಬೇಕೆ? ನನ್ನ ಮಾತು ಸ್ಪಷ್ಟ: ಕೇವಲ ಸವೆತ ಇದೆಯೇ ಎಂದು ತಿಳಿಯಲು ಬೇಡ. ಬ್ರಿಟನ್ನಿನ ಸರಕಾರಿ ಮಾರ್ಗಸೂಚಿ 2022ರಲ್ಲಿ ಹೇಳಿದ್ದೂ ಇದನ್ನೇ. ವಯಸ್ಸು 45 ದಾಟಿದೆ, ಓಡಾಡಿದರೆ ನೋವು, ಬೆಳಗಿನ ಬಿಗಿತ ಇಲ್ಲವೇ ಇಲ್ಲ ಅಥವಾ ಅರ್ಧ ಗಂಟೆಗಿಂತ ಹೆಚ್ಚು ಉಳಿಯುವುದಿಲ್ಲ ಎಂದಾದರೆ ವೈದ್ಯರು ಕೈಯಿಂದ ಮುಟ್ಟಿ ನೋಡಿಯೇ ನಿರ್ಧರಿಸಬಹುದು. ಜ್ವರ, ಏಕಾಏಕಿ ಊತ, ಪೆಟ್ಟು ಬಿದ್ದದ್ದು, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ಮಾತು ಬೇರೆ.

ಬೇಡ ಎನ್ನಲು ಇನ್ನೊಂದು ಕಾರಣವಿದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದ, ಎಕ್ಸ್‌ರೇಯಲ್ಲಿ ಸವೆತವೇ ಕಾಣದ 710 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ನೂರಕ್ಕೆ 89 ಜನರಲ್ಲಿ ಏನಾದರೂ ಒಂದು ದೋಷ ಕಂಡಿತು! ನೋವಿದ್ದವರಲ್ಲೂ ಕಂಡಿತು, ಇಲ್ಲದವರಲ್ಲೂ ಕಂಡಿತು. 2012ರಲ್ಲಿ ಬಂದ ಈ ವರದಿಯನ್ನು ಓದಿದ ಮೇಲೆ ಎಂಆರ್‌ಐ ರಿಪೋರ್ಟಿನ ಉದ್ದ ನೋಡಿ ಎದೆಗುಂದುವುದು ಸ್ವಲ್ಪ ಕಡಿಮೆಯಾಗಬೇಕು. ರಿಪೋರ್ಟಿನಲ್ಲಿ ‘ಹರಿದಿದೆ’ ಎಂದು ಬರೆದ ಮಾತ್ರಕ್ಕೆ ನೋವಿನ ಮೂಲ ಅದೇ ಎಂದಾಗಲಿಲ್ಲ.

ಹಾಗಿದ್ದರೆ ಈ ಮುಂದುವರಿದ ಎಂಆರ್‌ಐ ಯಾರಿಗೆ ಬೇಕು? ಮೊದಲನೆಯದಾಗಿ ಔಷಧ ಹುಡುಕುವವರಿಗೆ. ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸಿ ನೋವನ್ನೂ ನಿಲ್ಲಿಸುತ್ತದೆಂದು ಸಾಬೀತಾದ ಔಷಧ ಇದುವರೆಗೆ ಒಂದೂ ಇಲ್ಲ. ಅಂಗಡಿಯಲ್ಲಿ ಸಿಗುವ ಗ್ಲೂಕೋಸಮೈನ್ ಮಾತ್ರೆಗಳ ಬಗ್ಗೆ ಕೇಳುವವರು ಬಹಳ. 1583 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆ 2006ರಲ್ಲಿ ಹೇಳಿದ್ದು: ಒಟ್ಟಾರೆಯಾಗಿ ಹುಸಿಮಾತ್ರೆಗಿಂತ ಅದು ಮೇಲಲ್ಲ. ಸ್ಪ್ರೈಫರ್ಮಿನ್ ಎಂಬ ಚುಚ್ಚುಮದ್ದನ್ನು ಪರೀಕ್ಷಿಸಿದಾಗ ಎರಡು ವರ್ಷದಲ್ಲಿ ಹುಸಿಮದ್ದಿನವರಿಗಿಂತ 0.05 ಮಿಲಿಮೀಟರ್ ದಪ್ಪ ಹೆಚ್ಚಿತ್ತು. ನೋವು ಮಾತ್ರ ಹುಸಿಮದ್ದು ಪಡೆದವರಿಗಿಂತ ಕಡಿಮೆಯಾಗಲಿಲ್ಲ. 2019ರ ಸುದ್ದಿ ಇದು. ಕಾಗದದ ಹಾಳೆಗಿಂತಲೂ ತೆಳುವಾದ ಆ ವ್ಯತ್ಯಾಸವನ್ನು ಎಂಆರ್‌ಐ ಅಲ್ಲದೆ ಇನ್ನಾವುದು ಹಿಡಿದೀತು?

ಎರಡನೆಯದಾಗಿ, ಎಳೆಯರಿಗೆ. ಇದನ್ನು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ಕಬಡ್ಡಿ, ಕೊಕ್ಕೊ, ಕುಸ್ತಿ ಆಡುವಾಗ ಮೊಣಕಾಲು ತಿರುಚಿ ‘ಟಕ್’ ಎಂದು ಸದ್ದಾಗಿ ಊದಿಕೊಂಡರೆ ನಡುವಿನ ಕಟ್ಟುನಾರು ಹರಿದಿರಬಹುದು. ಎಣ್ಣೆ ತಿಕ್ಕಿಸಿ ಮರುವಾರ ಮತ್ತೆ ಅಂಕಣಕ್ಕೆ ಇಳಿಯುವವರನ್ನು ಎಲ್ಲರೂ ಕಂಡಿದ್ದೇವೆ. ಈ ಕಟ್ಟುನಾರು ಅಥವಾ ಮೊಣಕಾಲಿನೊಳಗಿನ ಅರ್ಧಚಂದ್ರದ ಗಾದಿ ಹರಿದವರಲ್ಲಿ ಸರಾಸರಿ ಅರ್ಧದಷ್ಟು ಜನರಿಗೆ ಹತ್ತಿಪ್ಪತ್ತು ವರ್ಷಗಳಲ್ಲಿ ಸವೆತ ಬರುತ್ತದೆ. ಅಂದರೆ ಹದಿನೆಂಟರ ಪೆಟ್ಟು ಮೂವತ್ತೈದಕ್ಕೆ ಬಡ್ಡಿ ಸಮೇತ ವಸೂಲಿಗೆ ಬರುತ್ತದೆ. ಇಂಥವರಿಗೆ ಸಾಮಾನ್ಯ ಎಂಆರ್‌ಐ ಖಂಡಿತ ಬೇಕಾಗಬಹುದು. ಟಿ-2 ನಕ್ಷೆ ಒಳಗಿನ ಬದಲಾವಣೆಯನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಬಲ್ಲದು.

ಎಳೆತನ ಎಷ್ಟು ಮುಖ್ಯ ಎಂಬುದಕ್ಕೆ ಡೆನ್ಮಾರ್ಕಿನ ಸಂಶೋಧಕರು 2016ರಲ್ಲಿ ಅಪೂರ್ವ ಸಾಕ್ಷಿ ಕೊಟ್ಟರು. 1950ರ ದಶಕದಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಾಗಿತ್ತು. ಅದು ಬೆಳೆಗೆ, ಅನ್ನಕ್ಕೆ, ಮನುಷ್ಯರ ಮೈಗೆ ಸೇರಿತು. ಮೊಣಕಾಲಿನ ಮೃದ್ವಸ್ಥಿಯ ಕೊಲಾಜೆನ್‌ನಲ್ಲಿ ಈ ಗುರುತನ್ನು ಅಳೆದಾಗ ತಿಳಿದದ್ದು ಇಷ್ಟು: ನಾರಿನ ಬಲೆ ಬೆಳೆಯುವ ವಯಸ್ಸಿನಲ್ಲೇ ನೇಯ್ದು ಮುಗಿದಿರುತ್ತದೆ, ದೊಡ್ಡವರಾದ ಮೇಲೆ ಹೊಸದಾಗಿ ನೇಯುವುದು ಇಲ್ಲವೆನ್ನುವಷ್ಟು ಕಡಿಮೆ. ಬೆಟಗೇರಿಯ ನೇಕಾರರು ಹರಿದ ಸೀರೆಗೆ ಬದಲು ಇನ್ನೊಂದು ನೇಯ್ದು ಕೊಟ್ಟಾರು. ಈ ಬಟ್ಟೆಗೆ ಆ ಸೌಲಭ್ಯವಿಲ್ಲ.

ಸಕ್ಕರೆಯ ಎಳೆಗಳ ವಿಚಾರ ಮಾತ್ರ ಹಾಗಲ್ಲ, ಅವನ್ನು ಜೀವಕೋಶಗಳು ಮತ್ತೆ ಮತ್ತೆ ಕಟ್ಟುತ್ತವೆ. ರಕ್ತನಾಳವಿಲ್ಲದ ಮೃದ್ವಸ್ಥಿಗೆ ಆಹಾರ ಸಿಗುವುದು ಸ್ಪಂಜಿನಂತೆ ಹಿಂಡಿ ಬಿಟ್ಟಾಗ. ಅಂದರೆ ನಡೆದಾಡಿದಾಗ. ಸ್ವೀಡನ್ನಿನಲ್ಲಿ ಗಾದಿಯ ಶಸ್ತ್ರಚಿಕಿತ್ಸೆಯಾದ 45 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಾಲ್ಕು ತಿಂಗಳು ವಾರಕ್ಕೆ ಮೂರು ಸಲ ಹದವಾದ ವ್ಯಾಯಾಮ ಮಾಡಿಸಿದರು. ಗ್ಯಾಡೋಲಿನಿಯಂ ಸ್ಕ್ಯಾನಿನಲ್ಲಿ ವ್ಯಾಯಾಮ ಮಾಡಿದವರ ಮೃದ್ವಸ್ಥಿಯ ಗುಣ ಸುಧಾರಿಸಿದ್ದು ಕಂಡಿತು. 2005ರ ಈ ಪ್ರಯೋಗ ಸಣ್ಣದು, ನಿಜ. ಆದರೆ ಮೊಣಕಾಲು ನೋವೆಂದರೆ ಮೂಲೆಯಲ್ಲಿ ಕೂತುಬಿಡಬೇಕು ಎಂದು ನಂಬಿದವರಿಗೆ ಇದಕ್ಕಿಂತ ಒಳ್ಳೆಯ ಚಿತ್ರ ತೋರಿಸಲಾರೆವು. ಇನ್ನು ತೂಕ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದೆ ಎಂದು ಅದೇ ವರ್ಷ ಅಮೆರಿಕದಲ್ಲಿ ಲೆಕ್ಕ ಹಾಕಿದ್ದಾರೆ.

ನಮ್ಮ ಕಡೆಯ ಮೊಣಕಾಲುಗಳ ಟಿ-2 ನಕ್ಷೆ ತೆಗೆಯುವ ಕಾಲ ದೂರವಿಲ್ಲ. ಟಿ-2ಗೆ ಹೊಸ ಯಂತ್ರ ಬೇಡ. ಇರುವ ಯಂತ್ರದಲ್ಲೇ ಬೇರೆ ತಂತ್ರಾಂಶ, ಕೆಲವು ನಿಮಿಷ ಹೆಚ್ಚು ಸಮಯ ಸಾಕು. ಯಂತ್ರದ ಬೆಲೆಯೇ ದೊಡ್ಡ ಅಡ್ಡಿ. ಅದರ ಅಯಸ್ಕಾಂತವನ್ನು ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ತಣ್ಣಗಿಡಬೇಕು. ಹಳೆಯ ಬಗೆಯ ಯಂತ್ರಕ್ಕೆ ಸಾವಿರಾರು ಲೀಟರ್ ಹೀಲಿಯಂ ಬೇಕಾಗುತ್ತಿತ್ತು. ಈಗ ಕೆಲವೇ ಲೀಟರಿನಲ್ಲಿ ಕೆಲಸ ಸಾಗಿಸುವ ಯಂತ್ರಗಳು ಬಂದಿವೆ. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಎಂಬ ಕಂಪನಿ ಇಲ್ಲೇ ರೂಪಿಸಿದ 1.5 ಟೆಸ್ಲಾ ಯಂತ್ರವನ್ನು 2023ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಬಿಡುಗಡೆ ಮಾಡಲಾಯಿತು. ಸೂರ್ಯನ್ ಅವರು ಕೊಳವೆಯಲ್ಲಿ ನೀರು ಹರಿಸಿದ ಊರಲ್ಲೇ.

ಅಲ್ಲಿಯವರೆಗೆ ಹೊಲದಲ್ಲಿ ಮಾಡಬಹುದಾದ ಕೆಲಸ ಒಂದಿದೆ. ನಿಂತುಕೊಂಡೇ ತಳ್ಳುವ ಸೈಕಲ್ ಎಡೆಕುಂಟೆ ನಮ್ಮ ಭಾಗದಲ್ಲಿ ಹೊಸದಲ್ಲ. ಹಳೆಯ ಸೈಕಲ್ಲಿನ ಗಾಲಿಗೆ ಕುಡ ಕಟ್ಟಿದ ಅದನ್ನು ಸಾಮಾನ್ಯವಾಗಿ ಗಂಡಸರು ಹಿಡಿಯುತ್ತಾರೆ. ಸಾಲಿನೊಳಗಿನ ಕಸ ತೆಗೆಯಲು ಹೆಂಗಸರು ಕೂತೇ ಇರುತ್ತಾರೆ. ಐಟಿಐ, ಡಿಪ್ಲೊಮಾ ಓದುವ ಹುಡುಗ ಹುಡುಗಿಯರು ಈ ಕೂತವರ ಕೈಗೂ ಹೊಂದುವ ಹಗುರಾದ, ನಿಂತು ಹಿಡಿಯುವ ಸಾಧನ ಮಾಡಲು ಕೈಹಾಕಬಹುದು. ಅದಕ್ಕೆ ಹೀಲಿಯಂ ಬೇಡ.